ಪಾಷಾ ಸಾಬರ ಬ್ರೇಕು

ಮೂಡಿಗೆರೆಯ ಹಬೀಬುರ್ರಹ್ಮಾನರ ವರ್ಕ್‌ಶಾಪಿನಲ್ಲಿ ನಾನು ಸಂಬಳಕ್ಕೆ ಸೇರಿದ್ದು ಯಂತ್ರಗಳ ಮೇಲಿನ ಪ್ರೀತಿಯಿಂದಲ್ಲ. ಲೋವರ್ ಸೆಕೆಂಡರಿಯಲ್ಲಿ ಮತ್ತೆ ಮತ್ತೆ ಫೇಲಾದವನನ್ನು ಲೆಕ್ಕ ಬರೆಯುವ ಎಸ್ಟೇಟ್ ರೈಟರ್ ಮಾಡಿಕೊಳ್ಳುವ ಧೈರ್ಯ ಯಾವ ತೋಟದವರಿಗೂ ಇರಲಿಲ್ಲ. ನಮ್ಮ ಮಾಲೀಕರಿಗೆ ಇತ್ತು. ಕಾರಿನಡಿ ಮಲಗಿ ಕೈ ಚಾಚಿ ಸ್ಪ್ಯಾನರ್ ಕೇಳಿದಾಗ ನಾನು ಇಕ್ಕಳ ಕೊಟ್ಟರೆ, ಅವರು ಆ ಧೈರ್ಯವನ್ನು ನೆನೆದು ನಿಟ್ಟುಸಿರು ಬಿಡುತ್ತಿದ್ದರು. ಇಂಥ ನನ್ನನ್ನು "ಮೇಸ್ತ್ರಿ" ಎಂದು ಕರೆಯುತ್ತಿದ್ದವರು ಒಬ್ಬರೇ, ಡ್ರೈವರ್ ಪೀರ್ ಪಾಷಾ ಸಾಬರು.

ಪಾಷಾ ಸಾಬರು ಮಲ್ಲಂದೂರಿನ ಕಡೆ ಒಬ್ಬ ಬಿಳಿ ದೊರೆಯ ಹತ್ತಿರ ಕಾರು ತೊಳೆಯಲು ಸೇರಿ, ತೊಳೆಯುತ್ತ ತೊಳೆಯುತ್ತ ಓಡಿಸುವುದನ್ನೂ ಕಲಿತವರು. ದೊರೆ ತೋಟ ಮಾರಿ ತನ್ನ ದೇಶಕ್ಕೆ ಹೊರಟಾಗ ಆ ಹಳೇ ಬಟ್ಟೆ ಹುಡ್ಡಿನ ಕಾರನ್ನು ಸಂಸೆಯ ಕಾಫಿ ತೋಟದ ಗಿಡ್ಡಪ್ಪಗೌಡರು ಕೊಂಡರು. ಸ್ಟೆಪ್ನಿ, ಜಾಕು ಮತ್ತು ಪಾಷಾ ಎಲ್ಲ ಸೇರಿ ಒಂದೇ ರೇಟು ಎಂದು ಪಾಷಾ ಸಾಬರೇ ಹೇಳಿ ನಗುತ್ತಿದ್ದರು. ಕಾರು ಹತ್ತಿದೊಡನೆ ಮೆಟ್ಟು ಬಿಚ್ಚಿ ಸೀಟಿನ ಕೆಳಗೆ ತಳ್ಳುವರು. ಬೂಟು ಹಾಕಿಕೊಂಡು ಬ್ರೇಕ್ ತುಳಿಯುವುದೆಂದರೆ ಚಮಚದಲ್ಲಿ ಕಡುಬು ತಿಂದ ಹಾಗೆ ಎಂಬುದು ಅವರ ಮಾತು. ಸಂಸೆಯಲ್ಲಿ ಅವರ ಹೆಂಡತಿ ರೌಶನ್ ಬೀ ನೀರಿಗೆ ಬಂದರೆ, ಡ್ರೈವರ್ ಸಾಬ್ರ ಮನೆಯವ್ರು ಎಂದು ಬೇರೆ ಹೆಂಗಸರು ಕೊಡ ಸರಿಸಿ ಜಾಗ ಬಿಡುತ್ತಿದ್ದರಂತೆ. ಆ ಸೀಟಿನ ಮೇಲೆ ಕೂರುವುದು ಬಿಟ್ಟರೆ ಅವರಿಗೆ ಬೇರೆ ಕಸುಬು ಗೊತ್ತಿರಲಿಲ್ಲ. ಬೇಕಾಗಿಯೂ ಇರಲಿಲ್ಲ.

ಆ ವರ್ಷ ಮಳೆ ಬಿಟ್ಟ ಮೇಲೆ ಅವರು ಬ್ರೇಕ್ ಹಿಡಿಯುತ್ತಿಲ್ಲ ಎಂದು ಬಂದರು. ಹಳೇ ಗಾಡಿ. ಹುಡುಕಿದರೆ ರೋಗಕ್ಕೇನು ಬರ? ಹಿಂದಿನ ಆಕ್ಸಲ್ಲಿನ ಎಣ್ಣೆ ಸೋರಿ ಬ್ರೇಕಿನ ಲೈನಿಂಗ್ ಪಟ್ಟಿ ನೆನೆದಿತ್ತು, ಪೆಟ್ರೋಲಿನಲ್ಲಿ ತೊಳೆದೆವು. ಮುಂದಿನ ವಾರ ಮತ್ತೆ ಬಂದರು. ಹಳ್ಳ ದಾಟುವಾಗ ಚಕ್ರದೊಳಗಿನ ಬ್ರೇಕ್ ಡ್ರಮ್ಮಿಗೆ ನೀರು ನುಗ್ಗುತ್ತದೆ, ದಾಟಿದ ಮೇಲೆ ಸ್ವಲ್ಪ ದೂರ ಬ್ರೇಕ್ ಒತ್ತಿಕೊಂಡೇ ಓಡಿಸಿ ಒಣಗಿಸಿ ಎಂದು ಮಾಲೀಕರು ಹೇಳಿದರು. ಅದು ತಮಗೂ ಗೊತ್ತು ಎಂದು ಪಾಷಾ ಸಾಬರು ಮುಖ ಊದಿಸಿದರು. ಆಮೇಲೆ ಬ್ರೇಕ್ ಒತ್ತಿದರೆ ಕಾರು ಎಡಕ್ಕೆ ಎಳೆಯತೊಡಗಿತು. ಎರಡೂ ಕಡೆಯ ಬ್ರೇಕ್ ಸರಳು ಸಮ ಮಾಡಿದೆವು. ಬ್ರೇಕಿನ ತಂತಿ ತುಕ್ಕು ಹಿಡಿದು ಕೊಳವೆಯೊಳಗೆ ಸಿಕ್ಕಿಕೊಂಡಿತ್ತು. ಸೀಮೆಎಣ್ಣೆ ಬಿಟ್ಟು ಗ್ರೀಸ್ ಹಚ್ಚಿದೆವು. ಕೊನೆಗೆ ಲೈನಿಂಗ್ ಪೂರಾ ಸವೆದು ರಿವೆಟ್ಟಿನ ತಲೆ ಡ್ರಮ್ಮನ್ನು ಕೆರೆಯುತ್ತಿದೆಯೆಂದು ಹೊಸದನ್ನೇ ಕೂರಿಸಿದೆವು. ಒಂದು ಚಕ್ರಕ್ಕೆ ನಾನು ಕೂರಿಸಿದ್ದು ತಿರುಗುಮುರುಗಾಗಿ ಮಾಲೀಕರು ಬಿಚ್ಚಿ ಮತ್ತೆ ಕೂರಿಸಿದರು.

ಅಷ್ಟಾದರೂ ಪಾಷಾ ಸಾಬರು ಬಂದು ನಿಂತರು. ಮಾಲೀಕರು ತಾವೇ ಹತ್ತಿ ಪೇಟೆಯ ಇಳಿಜಾರಿನಲ್ಲಿ ಜೋರಾಗಿ ಬಿಟ್ಟು ಒತ್ತಿದರು. ಕಾರು ಒತ್ತಿದಲ್ಲೇ ನಿಂತಿತು.

"ನಿಮ್ಮ ಕಾಲಿಗೆ ನಿಲ್ತದೆ, ನನ್ನ ಕಾಲಿಗೆ ನಿಲ್ಲಲ್ಲ," ಎಂದರು ಪಾಷಾ ಸಾಬರು. "ಮೊದಲೆಲ್ಲ ತುಳಿದ್ರೆ ಪೆಡಲ್ಲು ಕಾಲಿಗೆ ಉತ್ತರ ಕೊಡ್ತಿತ್ತು. ಈಗ ಹತ್ತಿ ಮೂಟೆ ತುಳಿದ ಹಾಗೆ ಆಗ್ತದೆ."

"ಗಾಡಿಗೂ ನಿಮಗೂ ಜಗಳ ಆಗಿರ್ಬೇಕು ಪಾಷಾ ಭಾಯ್. ಗಂಡ ಹೆಂಡ್ತಿ ಮಧ್ಯೆ ನಾನು ಬರಲ್ಲ," ಎಂದು ಮಾಲೀಕರು ಕೈ ಒರೆಸಿಕೊಂಡರು. ಆದರೂ ಮನಸ್ಸು ತಡೆಯದೆ, ಸಂಸೆಯವರೆಗೆ ಜೊತೆಗೆ ಹೋಗಿ ಏನೆಂದು ನೋಡಿಕೊಂಡು ಬಾ ಎಂದು ನನ್ನನ್ನು ಹತ್ತಿಸಿದರು. ವರ್ಕ್‌ಶಾಪಿನಲ್ಲಿ ಆ ದಿನ ಇಲ್ಲದಿದ್ದರೂ ನಡೆಯುವ ಆಳು ನಾನೊಬ್ಬನೇ.

ಕಳಸದ ಕಡೆಗೆ ಇಳಿಯುವ ಮೊದಲನೇ ತಿರುವಿನಲ್ಲಿ ಪಾಷಾ ಸಾಬರು ತಲೆ ತಗ್ಗಿಸಿ ಕೆಳಗೆ ನೋಡಿದರು. ಏನೋ ಬಿತ್ತೆಂದುಕೊಂಡೆ. ಮುಂದಿನ ತಿರುವಿನಲ್ಲೂ ನೋಡಿದರು. ಪ್ರತಿಸಲ ಬ್ರೇಕ್ ಒತ್ತುವ ಮುಂಚೆ, ಕತ್ತಲೆಯಲ್ಲಿ ಮೆಟ್ಟಿಲು ಹುಡುಕುವವರ ಹಾಗೆ, ತಮ್ಮ ಬಲಗಾಲು ಎಲ್ಲಿದೆ ಎಂದು ಕಣ್ಣಿನಿಂದ ನೋಡಿಕೊಳ್ಳುತ್ತಿದ್ದರು. ಹುಟ್ಟಿದಾಗಿನಿಂದ ಜೊತೆಗಿದ್ದ ಕಾಲು.

ಎದುರಿಗೆ ಎತ್ತಿನಗಾಡಿ ಬಂತು. ಅವರು ಗಾಡಿಯ ಮೇಲಿಂದ ಕಣ್ಣು ತೆಗೆಯುವಂತಿರಲಿಲ್ಲ. ನೋಡದೆ ತುಳಿದರು. ಪಾದ ಪೆಡಲಿನ ಅಂಚಿಗೆ ತಾಗಿ ಪಕ್ಕದ ಎಕ್ಸಿಲರೇಟರಿನ ಮೇಲೆ ಜಾರಿತು. ಕಾರು ನಿಲ್ಲುವ ಬದಲು ಗುಮ್ಮೆಂದು ಮುನ್ನುಗ್ಗಿತು. ನಾನು ಹೆದರಿ ಕೈಗೆ ಸಿಕ್ಕಿದ್ದನ್ನು ಎಳೆದೆ. ಪುಣ್ಯಕ್ಕೆ ಅದು ಕೈಬ್ರೇಕು. ಕಾರು ರಸ್ತೆ ಬದಿಯ ಮಣ್ಣಿನ ದರೆಗೆ ಉಜ್ಜಿ ನಿಂತಿತು. ಗಾಡಿಯವನು ನಮ್ಮಿಬ್ಬರ ತಂದೆತಾಯಿಯನ್ನೂ ನೆನೆದು ಮುಂದೆ ಹೋದ.

ಪಾಷಾ ಸಾಬರು ಕೆಳಗಿಳಿದು ದರೆಯ ಬುಡದಲ್ಲಿ ಕೂತು ಬಲಗಾಲನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡರು. ಅಂಗಾಲಿನಲ್ಲಿ ಅಂಗೈಯಗಲದ ಸುಟ್ಟ ಗಾಯ. ಆ ಕಾರಿನ ಕೆಳಹಲಗೆ ಇಂಜಿನ್ನಿನ ಬಿಸಿಗೆ ಕಾದು ಕಾವಲಿಯಾಗುತ್ತಿತ್ತು. ನಾನೇ ಅರ್ಧ ದಾರಿಯಿಂದ ಕಾಲು ಎತ್ತಿಕೊಂಡು ಕೂತಿದ್ದೆ. ಅವರ ಗಾಯ ಇವತ್ತಿನದಲ್ಲ, ಅಂಚು ಬೆಳ್ಳಗಾಗಿ ಒಳಗೆ ಕೀವು ಕಟ್ಟಿತ್ತು. ಅವರು ಅದನ್ನು ಬೆರಳಿನಿಂದ ಒತ್ತಿ ನೋಡಿದರು.

"ಇದು ಯಾವಾಗ ಆಯ್ತು ಮಾರಾಯ?" ಎಂದು ನನ್ನನ್ನು ಕೇಳಿದರು.

ಇನ್ನೊಂದು ಸಲ ಒತ್ತಿ ನೋಡಿ ಅವರೇ, "ಹಾಗಾದ್ರೆ ಬ್ರೇಕಲ್ಲ," ಎಂದರು. ಮತ್ತೆ ಹತ್ತುವಾಗ, "ಗೌಡ್ರ ಹತ್ರ ಬ್ರೇಕು ಅಂತ್ಲೇ ಹೇಳು," ಎಂದರು.

ಸಂಸೆಯವರೆಗೆ ಕೈಬ್ರೇಕು ನನ್ನ ಕೈಯಲ್ಲೇ ಇತ್ತು. ಗೌಡರಿಗೆ ನಾನು ಡ್ರಮ್ಮುಗಳೆಲ್ಲ ಸವೆದು ಮೊಟ್ಟೆಯಾಕಾರ ಆಗಿವೆ, ಇನ್ನು ರಿಪೇರಿಯಿಲ್ಲ, ಇದನ್ನು ರಸ್ತೆಗೆ ತೆಗೆಯಲೇಬಾರದು ಎಂದೆ. ನನ್ನ ಬುದ್ಧಿವಂತಿಕೆಗೆ ನಾನೇ ಬೆನ್ನು ತಟ್ಟಿಕೊಂಡೆ. ಕಾರು ಶೆಡ್ಡಿನಲ್ಲಿ ನಿಂತರೆ ಯಾರಿಗೂ ಅಪಾಯವಿಲ್ಲ. ಶೆಡ್ಡಿನಲ್ಲಿದ್ದರೂ ಕಾರು ಕಾರೇ, ಡ್ರೈವರು ಡ್ರೈವರೇ. ಅಷ್ಟರೊಳಗೆ ಕಾಲಿಗೆ ಏನಾದರೂ ದಾರಿಯಾದೀತು.

ದಾರಿಯಾಗಲಿಲ್ಲ. ಚಿಕ್ಕಮಗಳೂರಿನ ಡಾಕ್ಟರು ಮೂತ್ರ ನೋಡಿ ಸಕ್ಕರೆ ಕಾಯಿಲೆ ಎಂದರು. ಗಾಯ ಮಾಯಬಹುದು, ಹೋದ ಸ್ಪರ್ಶ ಬರುವುದಿಲ್ಲ ಎಂದೂ ಹೇಳಿದರು. ರೌಶನ್ ಬೀ ನಂಬದೆ ದಿನಾ ಸಂಜೆ ಬಿಸಿ ಎಣ್ಣೆ ತಿಕ್ಕಿದರು. ಎಷ್ಟು ಬಿಸಿ ಎಂದು ತಮ್ಮ ಕೈಗೆ ಮುಟ್ಟಿಸಿ ನೋಡಿಕೊಂಡು ತಿಕ್ಕಬೇಕಾಗಿತ್ತು.

ಇತ್ತ ಗೌಡರು ಹಳೇ ಕಾರಿನ ಇಂಜಿನ್ ಬಿಚ್ಚಿ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ತಿರುಗಿಸಲು ಹಾಕಿ, ಬೇರೊಂದು ಸೆಕೆಂಡ್‌ಹ್ಯಾಂಡ್ ಕಾರು ತರಿಸಿದರು. ತಂತಿ ಸರಳುಗಳ ಬದಲು ಎಣ್ಣೆಯ ಒತ್ತಡದಿಂದ ಹಿಡಿಯುವ ಬ್ರೇಕಿನದು. ಪರೀಕ್ಷೆ ಮಾಡಲು ಮಾಲೀಕರು ನನ್ನನ್ನೇ ಕಳಿಸಿದರು. ಬೆರಳಿಟ್ಟರೆ ಹಿಡಿಯುವಂಥ ಬ್ರೇಕು. ಹುಡುಕಿದರೂ ಒಂದು ತಪ್ಪು ಸಿಗಲಿಲ್ಲ. ಹಿಂದಿನ ಸೀಟಿನಲ್ಲಿ ಗೌಡರೂ ಅವರ ಹೆಂಡತಿ ದೇವೀರಮ್ಮನವರೂ ಆಗಲೇ ಹತ್ತಿ ಕೂತಿದ್ದರು. ಕಳಸಕ್ಕೆ ಮೊದಲ ಸವಾರಿ.

"ತಗೋ ಪಾಷಾ. ನಿನ್ನ ಬ್ರೇಕಿನ ಕಾಟ ಇವತ್ತಿಗೆ ಮುಗೀತು," ಎಂದು ಗೌಡರು ಪ್ರೀತಿಯಿಂದಲೇ ಚಾವಿ ಕೊಟ್ಟರು.

ಪಾಷಾ ಸಾಬರು ಮೆಟ್ಟು ಬಿಚ್ಚಿ ಹತ್ತಿದರು. ಕಾಲಿಗೆ ಬಟ್ಟೆ ಸುತ್ತಿತ್ತು. ತಲೆ ತಗ್ಗಿಸಿ ನೋಡಿ ಪೆಡಲಿನ ಮೇಲೆ ಕಾಲಿಟ್ಟರು, ಒತ್ತಿದರು, ಮತ್ತೆ ಒತ್ತಿದರು. ನಾನು ಬೇಕೆಂದೇ ಬೇರೆ ಕಡೆ ನೋಡುತ್ತಿದ್ದೆ. ಅವರು ಇಳಿದು ಬಾಗಿಲ ಹತ್ತಿರ ನಿಂತರು.

"ಬ್ರೇಕ್ ಸರಿಯಾಗೇ ಉಂಟು ಗೌಡ್ರೆ. ಹೆಂಗಸರು ಕೂತಿದಾರೆ, ಸುಳ್ಳು ಹೇಳಬಾರ್ದು. ನನ್ನ ಕಾಲಿಗೆ ಮುಟ್ಟಿದ್ದು ಗೊತ್ತಾಗಲ್ಲ."

ಮುಟ್ಟಿದ್ದು ತಿಳಿಯದ ಕಾಲೆಂದರೆ ನಮ್ಮ ಕಡೆ ಒಂದೇ ಅರ್ಥ. ಕುಷ್ಠ ಎಂದು ಬಾಯಿಬಿಟ್ಟು ಹೇಳುವುದಿಲ್ಲ, ದೊಡ್ಡರೋಗ ಎನ್ನುತ್ತಾರೆ. ದೇವೀರಮ್ಮನವರು ಸೆರಗು ಎಳೆದುಕೊಂಡರು. ಪಾಷಾ ಸಾಬರು ಚಾವಿ ಹಿಡಿದು ಕೈ ಮುಂದೆ ಮಾಡಿದ್ದರು. ಗೌಡರು ಅದನ್ನು ತೆಗೆದುಕೊಳ್ಳಲಿಲ್ಲ.

"ಬಾನೆಟ್ ಮೇಲೆ ಇಡು," ಎಂದರು.

ಡಾಕ್ಟರು ಸಕ್ಕರೆ ಕಾಯಿಲೆ ಅಂದಿದ್ದಾರೆ ಎಂದು ನಾನು ಹೇಳಿದೆ. ಇನ್ನೊಂದು ಸಲವೂ ಹೇಳಿದೆ. ಡ್ರಮ್ಮು ಮೊಟ್ಟೆಯಾಕಾರ ಎಂದಾಗ ನಂಬಿದ್ದ ಗೌಡರು ಇದನ್ನು ನಂಬಲಿಲ್ಲ. ಯಾರೋ ಗೋಣಿಚೀಲ ತಂದು ಡ್ರೈವರ್ ಸೀಟಿನ ಮೇಲೆ ಹಾಸಿದರು. ಗೌಡರು ನನಗೆ, ನಿನಗೆ ಓಡಿಸಲು ಬರುತ್ತದಲ್ಲ, ಹತ್ತು ಎಂದರು.

ಮೂಡಿಗೆರೆ ಪೇಟೆಯಲ್ಲಿ ಕೋಳಿಗಳನ್ನು ಹೆದರಿಸುವಷ್ಟು ಮಾತ್ರ ಓಡಿಸಿದ್ದವನು ನಾನು. ಹತ್ತಿದೆ. ತಿಂಗಳ ಸಂಬಳ ಎಂದರೆ ಯಾರ ಸೀಟಿನ ಮೇಲೂ ಕೂರುವ ಜಾತಿ ನನ್ನದು.

ಪಾಷಾ ಸಾಬರು ಅಷ್ಟರಲ್ಲಿ ಹೊರಟುಹೋಗಿದ್ದರು. ಗದ್ದೆಯ ತಿರುವಿನಲ್ಲಿ ಸಿಕ್ಕಿದರು. ನೆಲ ನೋಡಿಕೊಂಡು, ಹೆಜ್ಜೆ ಎಲ್ಲಿ ಬೀಳುತ್ತದೆಂದು ಪ್ರತಿಸಲ ಕಣ್ಣಿನಿಂದ ಹಿಡಿದು ನಡೆಯುತ್ತಿದ್ದರು. ನಾನು ಬ್ರೇಕ್ ಒತ್ತಿದೆ. ಕಾರು ಅವರ ಪಕ್ಕದಲ್ಲೇ ಸದ್ದಿಲ್ಲದೆ ನಿಂತಿತು. ಅವರು ಸರಿದು ದಾರಿ ಬಿಟ್ಟರು.

"ಯಾಕೆ ನಿಲ್ಸಿದ್ದು? ನಡಿ," ಎಂದರು ಹಿಂದಿನಿಂದ ಗೌಡರು.

ನಾನು ಬ್ರೇಕಿನ ಮೇಲಿಂದ ಕಾಲು ತೆಗೆದೆ.