ಊರಿಗೆಲ್ಲ ಒಂದೇ ಕ್ಷಮಾಪಣೆ

ಬೆಳಗಾವಿಯಲ್ಲಿ ನಮ್ಮ ಪಕ್ಕದ ಮನೆಯ ಜವಳಿ ವ್ಯಾಪಾರಿ ವರ್ಷಕ್ಕೊಮ್ಮೆ ಇಡೀ ಊರಿನ ಕ್ಷಮೆ ಕೇಳುತ್ತಾರೆ. ದಶಲಕ್ಷಣ ಪರ್ವ ಮುಗಿದ ಮೇಲೆ, ನೋಯಿಸಿದವರ ಮನೆಗೆ ಹೋಗಿ ಕೈಮುಗಿಯುವುದು ಜೈನರ ಪದ್ಧತಿ. ಈಗ ಮೊಬೈಲಿನಲ್ಲಿ ಕಮಲದ ಚಿತ್ರ, ಕೆಳಗೆ ನಾಲ್ಕು ಸಾಲು. ಆ ಸಾಲು ಬರೆಯುವ ಕೆಲಸ ನನ್ನದು, ದಿನಪತ್ರಿಕೆಯಲ್ಲಿ ಕೆಲಸ ಮಾಡುವ ತಪ್ಪಿಗೆ.

'ಕ್ಷಮಾ ಅಂದ್ರ ಖರೇ ಅರ್ಥ ಏನ್ರಿ? ಅದನ್ನೂ ಹಾಕ್ರಿ, ತೂಕ ಬರತೈತಿ' ಎಂದರು ಈ ಸಲ.

ನಿಘಂಟು ತೆರೆದೆ. ಸಂಸ್ಕೃತದ ಮೂಲದಲ್ಲಿ ಅದು ಸಹಿಸುವುದು. ಎಲ್ಲವನ್ನೂ ಹೊರುವ ಭೂಮಿಗೂ ಅದೇ ಹೆಸರು. ನಮ್ಮ ಕಡೆಯ 'ಮಾಫಿ'ಯ ಅರಬ್ಬಿ ಬೇರಿನಲ್ಲಿ ಅಳಿಸಿಹಾಕುವ ಅರ್ಥವಿದೆ.

'ಸಹಿಸೋದು ಅವರ ಕೆಲಸ ಹಂಗಾರ' ಎಂದು ನೆಮ್ಮದಿಯಿಂದ ಎಲ್ಲರಿಗೂ ಕಳಿಸಿದರು.

ನಿಜವಾಗಿ ಕ್ಷಮೆ ಬೇಕಿದ್ದದ್ದು ಒಬ್ಬರದೇ. ಖಾನಾಪುರದಲ್ಲಿರುವ ಅವರ ಅಕ್ಕನದು. ಆಕೆಯ ಮಗಳ ಲಗ್ನಪತ್ರಿಕೆಯಲ್ಲಿ ಸೋದರಮಾವನಾದ ತಮ್ಮ ಹೆಸರು ಕೊನೆಗೆ ಬಂತೆಂದು ಇವರು ಲಗ್ನದ ಪಂಕ್ತಿಯಿಂದ ಉಣ್ಣದೆ ಎದ್ದು ಬಂದಿದ್ದರು. ಅಕ್ಕ ಮಾತು ಬಿಟ್ಟಿದ್ದರು. ಈಗ ಧ್ವನಿಸಂದೇಶ ಬಂತು:

'ಬೀಗರಿಗೂ ಇದ ಕಮಲ, ನನಗೂ ಇದ ಕಮಲ. ಬೀಗರಿಗೇನ್ ಮಾಡಿದ್ದಿ? ಬಂದ ಮಾರಿ ತೋರಸು.'

ಮರುದಿನ ಮಧ್ಯಾಹ್ನ ನನ್ನನ್ನೂ ರೈಲು ಹತ್ತಿಸಿದರು. ದಾರಿಯುದ್ದಕ್ಕೂ ಭಾಷಣದ ತಾಲೀಮು. ದೇಸೂರಿನಲ್ಲಿ ರೈಲು ನಿಂತಿತು, ಭಾಷಣ ನಿಲ್ಲಲಿಲ್ಲ. ರೈಲು ತಡವಾಗಿ, ಖಾನಾಪುರ ಮುಟ್ಟುವಷ್ಟರಲ್ಲಿ ಹೊತ್ತು ಇಳಿದಿತ್ತು. ಜೈನರ ನೇಮದಂತೆ ಸೂರ್ಯ ಮುಳುಗಿದ ಮೇಲೆ ಅವರು ಉಣ್ಣುವವರಲ್ಲ.

'ಅಕ್ಕಾ, ನಾ ಹೇಳೋದೇನಂದ್ರ...'

'ಹೊತ್ತ ಮುಳುಗತೈತಿ. ಮೊದಲ ಕುಂದರು.'

ಅಕ್ಕ ನನಗೆ ಬಡಿಸಿದರು. ಆಮೇಲೆ ಮಗನಿಗೆ, ಸೊಸೆಗೆ, ನೀರಿನ ಮೋಟಾರು ರಿಪೇರಿಗೆ ಬಂದವನಿಗೂ. ತಮ್ಮನ ತಾಟು ಮಾತ್ರ ಖಾಲಿ.

'ಪತ್ರಿಕ್ಯಾಗ ಹೆಸರ ಇದ್ದಂಗ ಬಡಸಾಕತ್ತೇನಿ. ಕೊನೀಗೆ ನೀನು. ನಡೀತೈತಲ್ಲ?'

ವ್ಯಾಪಾರಿ ಕಿಟಕಿಯಾಚೆ ಕೆಂಪಾದ ಸೂರ್ಯನನ್ನು ನೋಡಿದರು, ತಾಟು ನೋಡಿದರು. ಎದ್ದು ಹೋಗುವ ಅಭ್ಯಾಸ ಇದ್ದ ಮನುಷ್ಯ. ನಾನು ತುತ್ತು ಎತ್ತದೆ ಕಾದೆ. ಅವರು ಏಳಲಿಲ್ಲ. ತಾಟು ಹತ್ತಿರ ಎಳೆದುಕೊಂಡು ಸರದಿ ಕಾಯುತ್ತ ಕೂತರು. ಹಾಗೆ ಕೂತದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ.

ಕಡೆಗೆ ಅಕ್ಕ ಬಂದು ಹೋಳಿಗೆ ಇಟ್ಟು ತುಪ್ಪ ಸುರಿದರು. 'ಲಗೂನ ಉಣ್ಣು. ಲಗ್ನದಾಗ ಬಿಟ್ಟ ಹೋದ ಹೋಳಿಗಿ ಇದು.'

'ಹಳಸಿರಬೇಕಲ್ಲಕ್ಕಾ?'

'ನಿನ್ನ ಕಮಲದಕಿಂತಾ ತಾಜಾ ಐತಿ.'

ಅವರು ಗಬಗಬನೆ ತಿಂದರು. ಸೂರ್ಯ ಮುಳುಗಿದಾಗ ತಾಟು ಖಾಲಿಯಾಗಿತ್ತು. ಭಾಷಣವನ್ನು ಯಾರೂ ಕೇಳಲಿಲ್ಲ.