ರಜಾಕ್ ಸಾಬರ ಬಾಯಿ, ಮೆಹಬೂಬಿಯ ಕೈ

ತಿಪಟೂರಿನ ಬಂಕಿನಲ್ಲಿ ಪೆಟ್ರೋಲ್ ವಾಸನೆ ಮೂಗಿಗೆ ಬಡಿದರೆ ನಿಮಗೆ ಏನು ನೆನಪಾಗುತ್ತದೋ ಗೊತ್ತಿಲ್ಲ. ನನಗೆ ಕೈಗಡಿಯಾರ ನೆನಪಾಗುತ್ತದೆ. ರಿಪೇರಿಯ ರಜಾಕ್ ಸಾಬರು ವಾಚಿನ ಭಾಗಗಳನ್ನು ಬಿಚ್ಚಿ, ಗಾಜಿನ ಬಟ್ಟಲಲ್ಲಿ ಪೆಟ್ರೋಲ್ ಹುಯ್ದು ತೊಳೆಯುತ್ತಿದ್ದರು. ಅಂಗಡಿ ಎಂದರೆ ಒಬ್ಬರು ಕೂತರೆ ಇನ್ನೊಬ್ಬರು ಬೀದಿಯಲ್ಲೇ ನಿಲ್ಲಬೇಕು, ಅಷ್ಟು ಜಾಗ.

ನಮ್ಮಪ್ಪನ ವಾಚಿನ ಮೇಲೆ ‘ಹದಿನೇಳು ಜ್ಯೂಯೆಲ್ಸ್’ ಎಂದು ಬರೆದಿತ್ತು. ಒಳಗೆ ವಜ್ರಗಳಿವೆ ಎಂದು ಮದುವೆಯಾದ ಮೇಲೂ ನಂಬಿದ್ದೆ. ಹೆಂಡತಿಗೂ ಜಂಬದಿಂದ ಹೇಳಿದ್ದೆ. ಸಾಬರು ಕೇಳಿ ನಕ್ಕರು. “ಅದು ಕೆಂಪು ಕಲ್ಲು ಕಣ್ರೀ. ಚಕ್ರದ ಕಡ್ಡಿ ಸವೀಬಾರ್ದು ಅಂತ ತುದೀಲಿ ಕೂರ್ಸಿರ್ತಾರೆ. ನಿಮ್ಮನೆಯೋರಿಗೆ ಓಲೆ ಆಗಲ್ಲ.”

ಮುಂದೆ ಅವರಿಗೆ ಕೈ ನಡುಗುವ ಕಾಯಿಲೆ ಬಂತು. ಅಂಗಡಿಗೆ ಬೀಗ ಬಿತ್ತು. ಅದೇ ಸಮಯಕ್ಕೆ ಅಪ್ಪನ ವಾಚೂ ನಿಂತಿತು. ಮನೆಗೇ ಒಯ್ದರೆ ಸಾಬರು ಮುಟ್ಟಲೂ ಇಲ್ಲ.

“ನನ್ ಕೈ ಹೋಯ್ತು. ಬ್ಯಾರೆ ಕಡೆ ತೋರ್ಸಿ, ಸ್ವಾಮಿ.”

ಹೊಲಿಗೆ ಮಿಷನ್ನಿನ ಮುಂದಿದ್ದ ಅವರ ಹೆಂಡತಿ ಮೆಹಬೂಬಿ ಎದ್ದು ಬಂದರು. “ಕೈ ಹೋದ್ರೆ ಬಾಯಿ ಐತಲ್ಲ? ನೀವ್ ಹೇಳಿ, ನಾನ್ ಮಾಡ್ತೀನಿ. ಅಣ್ಣ, ಕೊಡಿ ಇಲ್ಲಿ.”

ಅಪ್ಪನ ವಾಚು! ಆದರೂ ಕೊಟ್ಟೆ.

ಸಾಬರು ಒಂದೊಂದರ ಹೆಸರು ಹೇಳಿದರು, ಆಕೆ ಚಿಮಟದಲ್ಲಿ ಎತ್ತಿದರು. ಕೀ ಕೊಟ್ಟಾಗ ಬಿಗಿಯಾಗಿ ಸುತ್ತಿಕೊಳ್ಳುವುದು ಮೇನ್ ಸ್ಪ್ರಿಂಗ್. ಅದರ ಬಲ ಒಂದೇ ಸಲ ಸೋರಿಹೋಗದಂತೆ ತಡೆತಡೆದು ಬಿಡುವುದು ಎಸ್ಕೇಪ್ ಚಕ್ರ. ಅತ್ತಿತ್ತ ತೂಗುವ ಚಕ್ರ ಬ್ಯಾಲೆನ್ಸ್. ಅದನ್ನು ಮತ್ತೆಮತ್ತೆ ಹಿಂದಕ್ಕೆಳೆಯುವ, ಕೂದಲಿನಂಥ ಸುರುಳಿಯೇ ಬಾಲ್ ಕಮಾನಿ.

“ಉಸ್ರು ಬಿಡ್ಬ್ಯಾಡ ಕಣೇ, ಹಾರೋಯ್ತದೆ!”

ನಾನೂ ಉಸಿರು ಹಿಡಿದೆ. ಸಂಜೆಯ ಹೊತ್ತಿಗೆ ವಾಚು ಟಿಕ್ ಎಂದಿತು. ಮೆಹಬೂಬಿ ಅದನ್ನು ಗಂಡನ ಕಿವಿಗೆ ಹಿಡಿದರು. ಅಂಗಡಿಯ ಬೀಗ ಮತ್ತೆ ತೆರೆಯಿತು. ಅಂದಿನಿಂದ ಸಾಬರು ಹೇಳುವುದು, ಆಕೆ ಮಾಡುವುದು.

ಇವತ್ತು ಬಂಕಿನಿಂದ ನೇರ ಅಲ್ಲಿಗೇ ಹೋದೆ. ಸಾಬರು ಟೀ ಕುಡಿಯಲು ಹೋಗಿದ್ದರು. ಮೆಹಬೂಬಿ ಯಾರದೋ ವಾಚನ್ನು ಯಾರನ್ನೂ ಕೇಳದೆ ಸರಸರನೆ ಜೋಡಿಸುತ್ತಿದ್ದರು. ಸಾಬರು ಬರುವುದು ಕಂಡದ್ದೇ ತಡ, ಚಿಮಟ ನಿಂತಿತು.

“ಏನ್ರೀ, ಈ ಕವೆ ಥರ ಇರೋದು, ಇದ್ರ ಹೆಸ್ರೇನು? ಮರ್ತೇ ಹೋಯ್ತು.”

“ಪ್ಯಾಲೆಟ್ ಕಣೇ! ಎಷ್ಟ್ ಸಲ ಹೇಳ್ಬೇಕು ನಿಂಗೆ?” ಸಾಬರು ಬೀದಿಯಲ್ಲೇ ಸ್ಟೂಲ್ ಎಳೆದುಕೊಂಡು ಬೆನ್ನು ನೆಟ್ಟಗೆ ಮಾಡಿ ಕೂತರು.

ಆಕೆ ಒಮ್ಮೆ ನನ್ನ ಮುಖ ನೋಡಿದರು. ಸ್ಕೂಟರಿನಲ್ಲಿ ಬಂದವನು, ಚಿಕ್ಕನಾಯಕನಹಳ್ಳಿ ಬಸ್ಸಿಗೆ ಕಾಯುವವನಂತೆ ಬೀದಿ ನೋಡುತ್ತ ನಿಂತೆ.