ಮುನಿಆಂಜನಪ್ಪ ಹೊಲಿಸಿಕೊಂಡ ಕಿವಿ

ಮುನಿಆಂಜನಪ್ಪ ಹಲಸೂರಿನ ನಮ್ಮ ಮನೆ ಜಗಲಿಗೆ ಬಂದು ಕೂತರೆ ಅವನ ಕೈ ಮೊದಲು ಕಿವಿಗೆ ಹೋಗುತ್ತಿತ್ತು. ಎಲೆಗೆ ಸುಣ್ಣ ಸವರುವಾಗ, ಯಾರದಾದರೂ ಮದುವೆಯ ಸುದ್ದಿ ಬಂದಾಗ, ಹಾಲೆಯನ್ನು ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಿದ್ದ. ದೂರದಿಂದ ನೋಡಿದರೆ ನುಣುಪಾದ, ಲಕ್ಷಣವಾದ ಕಿವಿ. ಹತ್ತಿರ ಹೋದರೆ ಬಿಳಿ ದಾರದಂಥ ಒಂದು ಗೆರೆ. ಆ ಗೆರೆಯ ಕತೆಯನ್ನು ಅವನು ಒಂದೇ ದಿನ ಹೇಳಲಿಲ್ಲ. ಈ ಹಬ್ಬಕ್ಕೊಂದು ತುಣುಕು, ಮುಂದಿನ ಹಬ್ಬಕ್ಕೆ ಇನ್ನೊಂದು. ನಾನು ಅಕ್ಕಿ ಆರಿಸುತ್ತಾ ಕೇಳಿಸಿಕೊಂಡೆ.

ಅವನ ಊರು ಗರುಡಾಚಾರ್‌ಪಾಳ್ಯ. ಅವರ ಕುಲದಲ್ಲಿ ಗಂಡುಮಗುವಿನ ಕಿವಿ ಚುಚ್ಚಿಸುವುದು ಸೋದರಮಾವನ ಹಕ್ಕು. ಅವನು ಮಗುವನ್ನು ತೊಡೆ ಮೇಲೆ ಕೂರಿಸಿಕೊಳ್ಳಬೇಕು, ಅಕ್ಕಸಾಲಿ ಚುಚ್ಚಬೇಕು. ಮುಂದೆ ಆ ಹುಡುಗ ಹಸೆಮಣೆ ಏರಿದಾಗ ಅದೇ ಮಾವ ಬಂದು ಅದೇ ತೂತಿಗೆ ಹೊಸ ಚಿನ್ನದ ಒಂಟಿ ಇಡಬೇಕು. ಬಾಸಿಂಗ ಕಟ್ಟುವುದು ಆಮೇಲೆ. ಮಾವ ಒಂಟಿ ಇಡದೆ ತಾಳಿ ಕಟ್ಟಿದ್ದನ್ನು ಆ ಕಡೆ ಯಾರೂ ಕಂಡವರಿಲ್ಲ. ಇವನ ಸೋದರಮಾವ ಕೃಷ್ಣರಾಜಪುರದ ಮುನಿರಾಜಪ್ಪ. ಮುನಿರಾಜಪ್ಪನ ಮಗಳು ಮುನಿಲಕ್ಷ್ಮಿ ತೊಟ್ಟಿಲಲ್ಲಿದ್ದಾಗಲೇ ಇವನಿಗೆ ಎಂದು ಮಾತಾಗಿತ್ತು. ದೊಡ್ಡವರಾದ ಮೇಲೆ ಇಬ್ಬರಿಗೂ ಅದು ಇಷ್ಟವೇ ಆಗಿತ್ತು.

ಚಿಕ್ಕಂದಿನಲ್ಲಿ ಅಪ್ಪ ಹಾಕಿಸಿದ್ದ ಭಾರದ ಒಂಟಿಯಿಂದ ತೂತು ಹಿಗ್ಗಿ ಹಾಲೆ ಜೋತುಬಿದ್ದಿತ್ತು. ಅಪ್ಪ ಸತ್ತ ವರ್ಷ ಒಂಟಿ ಮಾರಿದರು. ಖಾಲಿ ತೂತು ಉಳಿಯಿತು.

ಅದು ಎರಡನೇ ಮಹಾಯುದ್ಧದ ಕಾಲ. ಬೆಂಗಳೂರು ದಂಡಿನಲ್ಲಿ, ಅಂದರೆ ಕಂಟೋನ್ಮೆಂಟಿನಲ್ಲಿ, ಇದ್ದ ಸಿಪಾಯಿಗಳ ಆಸ್ಪತ್ರೆಯೊಂದರಲ್ಲಿ, ಗುಂಡು ಬೆಂಕಿಗೆ ಮುಖ ಕಳೆದುಕೊಂಡು ಬಂದವರಿಗೆಂದೇ ಒಂದು ವಾರ್ಡು. ಅಲ್ಲಿನ ಆಫೀಸರುಗಳ ಊಟದ ಮನೆಯಲ್ಲಿ ಇವನು ಪಾತ್ರೆ ತೊಳೆಯುತ್ತಿದ್ದ. ಮೇಜಿಗೆ ಬಡಿಸುವ ಕೆಲಸ ಸಿಕ್ಕಿದರೆ ಮದುವೆ ಮಾಡಿಕೊಳ್ಳುವ ಯೋಗ್ಯತೆ ಬರುತ್ತದೆ ಎಂದು ಅವನ ಲೆಕ್ಕ. ಈ ಕಿವಿ ಇಟ್ಟುಕೊಂಡು ಮೇಜಿನ ಹತ್ತಿರ ಬರಬೇಡ ಎಂದಿದ್ದ ಬಟ್ಲರು. ಒಂದು ಸಲ ಆಳು ಕಡಿಮೆಯಾಗಿ ತಟ್ಟೆ ಒಯ್ದಾಗ ಕುಡಿದ ಆಫೀಸರೊಬ್ಬ ಇವನ ಕಿವಿಯ ತೂತಿಗೆ ಟೀ ಚಮಚ ಸಿಕ್ಕಿಸಿದನಂತೆ. ಎಲ್ಲರೂ ನಕ್ಕರು. ಇವನೂ ನಕ್ಕ. ಆಮೇಲೆ ಒಳಗೆ ಹೋಗಿ ಆ ಚಮಚವನ್ನು ತಾನೇ ತೊಳೆದಿಟ್ಟ.

ವಾರ್ಡಿನಲ್ಲಿ ಗಾಯಕ್ಕೆ ಪಟ್ಟಿ ಕಟ್ಟುತ್ತಿದ್ದವನು ರಹೀಂ, ಶಿವಾಜಿನಗರದವನು. ಆಗ ಅದನ್ನು ಬ್ಲಾಕ್‌ಪಳ್ಳಿ ಅನ್ನುತ್ತಿದ್ದರು. ಇಲ್ಲಿನ ಬಿಳಿ ದೊರೆ ಡಾಕ್ಟರು ಹಣೆಯ ಚರ್ಮ ಇಳಿಸಿ ಮೂಗು ಮಾಡುತ್ತಾನೆ, ಸುಟ್ಟ ರೆಪ್ಪೆಗೆ ತೋಳಿನ ಚರ್ಮ ಹಚ್ಚುತ್ತಾನೆ, ಸೊಂಟದ ಮೂಳೆ ತೆಗೆದು ದವಡೆ ಕೂರಿಸುತ್ತಾನೆ ಎಂದು ಅವನು ಕತೆ ಕತೆಯಾಗಿ ಹೇಳುತ್ತಿದ್ದ.

“ಮೂಗೇ ಬೆಳೆಸೋ ಮನ್ಷನಿಗೆ ನಿನ್ ಕಿವಿ ಏನ್ ಭಾಯಿ? ಅಂಗಿ ಕಾಜಾ ಮುಚ್ದಂಗೆ.”

ರಹೀಮನೇ ಡಾಕ್ಟರನ್ನು ಕೇಳಿದ. ಡಾಕ್ಟರು ನಕ್ಕು ಒಪ್ಪಿಕೊಂಡ. ತೂತಿನ ಅಂಚು ಕತ್ತರಿಸಿ, ಜೋತ ಹಾಲೆಯನ್ನು ಕುಗ್ಗಿಸಿ, ಸೇರಿಸಿ ಹೊಲಿದ. ಆ ವಾರ್ಡಿನಲ್ಲಿ ಕನ್ನಡಿ ಇಡುತ್ತಿರಲಿಲ್ಲವಂತೆ. ಪಟ್ಟಿ ಬಿಚ್ಚುವ ದಿನ ರಹೀಂ ಮನೆಯಿಂದ ಒಂದು ತಂದು ಹಿಡಿದ. ತಾನೂ ಚೆಂದ ಇದ್ದೇನೆ ಎಂದು ಮುನಿಆಂಜನಪ್ಪನಿಗೆ ಅನ್ನಿಸಿದ್ದು ಆವತ್ತೇ ಮೊದಲು. ಬಟ್ಲರು ಬಡಿಸುವವರ ಬಿಳಿ ಕೋಟು ಕೊಟ್ಟ.

ತಾಯಿ ದೊಡ್ಡಮುನಿಯಮ್ಮ ಕಿವಿ ನೋಡಿ ಒಲೆ ಮುಂದೆ ಕುಸಿದು ಕೂತಳು. ನಿಮ್ಮ ಮಾವನನ್ನು ಒಂದು ಮಾತು ಕೇಳಿದೆಯಾ ಎಂದಳು. ಅವನಿಗೆ ಅದು ಹೊಳೆದೇ ಇರಲಿಲ್ಲ. ಮದುವೆಗೆಂದೇ ಮಾಡಿಸಿದ್ದು, ಆ ಹೊತ್ತಿಗೆ ಒಂದು ಸಣ್ಣ ತೂತು ಹಾಕಿಸಿದರಾಯಿತು ಅಂದುಕೊಂಡಿದ್ದ.

ಕೆಲಸದ ಸುದ್ದಿ ಹೇಳಲು ರುಮಾಲು ಸುತ್ತಿಕೊಂಡು ಕೃಷ್ಣರಾಜಪುರಕ್ಕೆ ಹೋದ. ಮುನಿರಾಜಪ್ಪನಿಗೆ ಹಿಗ್ಗೋ ಹಿಗ್ಗು. ಒಳಗೆ ಹೋಗಿ ಅರಿಶಿನದ ಬಟ್ಟೆಯ ಗಂಟು ತಂದ. ಅಳಿಯನಿಗೆಂದು ಒಂಟಿ ಆಗಲೇ ಮಾಡಿಸಿಟ್ಟಿದ್ದ. ಹೊಂದುತ್ತದೋ ನೋಡೋಣ ಎಂದು ತಾನೇ ರುಮಾಲು ಸರಿಸಿದ. ಕೈ ಅಲ್ಲೇ ನಿಂತಿತು.

“ಇದನ್ನ ಎಲ್ಲಿಗಪ್ಪ ಇಡ್ಲಿ?”

ಅಕ್ಕಸಾಲಿ ಹತ್ತಿರ ಮತ್ತೆ ಚುಚ್ಚಿಸುತ್ತೇನೆ ಮಾವ ಎಂದು ಇವನು ತೊದಲಿದ.

“ಚುಚ್ಚೋಕೆ ಯಾವ ಅಕ್ಕಸಾಲಿ ಆದ್ರೂ ಆಯ್ತದೆ. ನಿನ್ನನ್ನ ತೊಡೆ ಮೇಲೆ ಹಿಡ್ಕೊಂಡಿದ್ದು ನಾನು. ಆವತ್ತು ನೀನು ಕಚ್ಚಿದ ಗುರ್ತು ಈ ಕೈ ಮೇಲೆ ಇನ್ನೂ ಐತೆ, ನೋಡು. ನಾನೇನು ಇದನ್ನ ಹೊಲಿಸ್ಕೊಂಡ್ನಾ?”

ಬಾಗಿಲ ಹಿಂದೆ ಕೇಳುತ್ತಿದ್ದ ಮುನಿಲಕ್ಷ್ಮಿಯ ಬಳೆಗಳ ಸದ್ದು ನಿಂತುಹೋಯಿತು.

ಮಾವನ ಸಂಬಂಧ ಬೇಡವೆಂದೇ ಕಿವಿ ಮುಚ್ಚಿಸಿಕೊಂಡಿದ್ದಾನೆ ಎಂದು ಕುಲದವರು ಆಡಿಕೊಂಡರು. ದೊಡ್ಡಮುನಿಯಮ್ಮ ಹೋಗಿ ತಮ್ಮನ ಮುಂದೆ ಅತ್ತಳು. ತಮ್ಮನೂ ಅವಳ ಜೊತೆ ಕೂತು ಅತ್ತ. ಆದರೆ ಮಾತು ಬದಲಾಗಲಿಲ್ಲ. ಮುನಿಲಕ್ಷ್ಮಿಯನ್ನು ಹೊಸಕೋಟೆ ಕಡೆಗೆ ಕೊಟ್ಟರು.

ಯುದ್ಧ ಮುಗಿಯಿತು. ಡಾಕ್ಟರು ಹಡಗು ಹತ್ತಿದ. ವಾರ್ಡು ಖಾಲಿಯಾಯಿತು, ಊಟದ ಮನೆಯನ್ನೂ ಮುಚ್ಚಿದರು. ಬಿಳಿ ಕೋಟು ಟ್ರಂಕು ಸೇರಿತು. ಮುನಿಆಂಜನಪ್ಪ ಹಲಸೂರಿನ ಒಂದು ಕಾಫಿ ಹೋಟೆಲಿಗೆ ಸೇರಿಕೊಂಡ. ಅಲ್ಲಿ ಬಡಿಸುವವರಲ್ಲಿ ಅರ್ಧ ಜನದ ಕಿವಿಯಲ್ಲಿ ಒಂಟಿ ಇತ್ತು. ಯಾವ ಗಿರಾಕಿಯೂ ಅದನ್ನು ನೋಡುತ್ತಿರಲಿಲ್ಲ.

ಸ್ವಾತಂತ್ರ್ಯ ಬಂದ ಮಾರನೇ ವರ್ಷವಿರಬೇಕು, ಸಂತೆಗೆ ಬಂದ ಗಂಡಹೆಂಡತಿ ಆ ಹೋಟೆಲಿಗೆ ಬಂದು ಕೂತರು. ಗಂಡ ಇವನನ್ನು ಅರಿಯ. ಎರಡು ಕಾಫಿ ಕೊಡಪ್ಪ ಅಂದ. ಅವನ ಕಿವಿಯಲ್ಲಿ ಮಾವ ಅರಿಶಿನದ ಬಟ್ಟೆಯಿಂದ ತೆಗೆದಿದ್ದ ಅದೇ ಒಂಟಿ. ಇವನು ಲೋಟ ಇಡುವಾಗ ಮುನಿಲಕ್ಷ್ಮಿ ತಲೆ ಎತ್ತಿ, ಇವನ ಮುಖವನ್ನಲ್ಲ, ಕಿವಿಯನ್ನು ನೋಡಿದಳು.

“ಚೆನ್ನಾಗೇ ಹೊಲ್ದವ್ರೆ ಬಾವ. ಗುರ್ತೇ ಸಿಗಕಿಲ್ಲ.”

ಅಷ್ಟು ಹೇಳಿ ಸೆರಗಿನಿಂದ ಲೋಟ ಹಿಡಿದು ಕಾಫಿ ಆರಿಸತೊಡಗಿದಳಂತೆ.

ಇದನ್ನು ಹೇಳಿದ ಸಂಜೆ ಅವನು ತುಂಬ ಹೊತ್ತು ಜಗಲಿಯಲ್ಲೇ ಇದ್ದ. ನಾನು ಮೊರ ಬದಿಗಿಟ್ಟು ಕಾಫಿ ಕೊಡಲಾ ಎಂದೆ. ಬೇಡ ಎಂದು ತಲೆಯಾಡಿಸಿದ.

“ಅವಳು ಒಂದು ಮಾತು ಬೈದಿದ್ರೆ ಆಗ್ತಿತ್ತು ಕಣಕ್ಕ,” ಅಂದ. ಕೈ ಆಗಲೇ ಕಿವಿಯ ಮೇಲಿತ್ತು.